ಬಜಪೆಯ ರನ್‌ವೇಗೆ ವಿಆರ್ ಹೆಡ್‌ಸೆಟ್ ಹಾಕಿಕೊಂಡು ಇಳಿಯುವವರು ಇದ್ದೀರಾ?

ಉಚ್ಚಿಲದ ಹುಡುಗ:

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಬಿಡುವು ಸಿಕ್ಕಾಗಲೆಲ್ಲ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಎಂಬ ವಿಮಾನ ಹಾರಿಸುವ ಆಟ ಆಡುತ್ತೇನೆ, ಹೆಚ್ಚಾಗಿ ಸೆಸ್ನಾ 172 ಎಂಬ ಸಣ್ಣ ವಿಮಾನ. ಕಂಪ್ಯೂಟರಿನಲ್ಲಿ 12 ಜಿಬಿಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 32 ಜಿಬಿ ರ‍್ಯಾಮ್ ಇವೆ. ಜೊತೆಗೆ ಸಾಧಾರಣ ಜಾಯ್‌ಸ್ಟಿಕ್ ಒಂದಿದೆ. ಹಾರುವುದು, ತಿರುಗುವುದು ಕೈಗೆ ಹತ್ತಿದೆ. ಇಳಿಯುವುದು ಮಾತ್ರ ಇನ್ನೂ ಹತ್ತಿಲ್ಲ. 24 ಇಂಚಿನ ಪರದೆಯಲ್ಲಿ ರನ್‌ವೇ ಚಕ್ರಗಳಿಗಿಂತ ಎಷ್ಟು ಕೆಳಗಿದೆ ಎಂಬುದೇ ತಿಳಿಯುವುದಿಲ್ಲ.

ಹಾಗಾಗಿ ಕಣ್ಣಿಗೆ ಕಟ್ಟಿಕೊಂಡು ಆಟದೊಳಗೆ ಸುತ್ತಲೂ ನೋಡಬಹುದಾದ ವಿಆರ್ ಹೆಡ್‌ಸೆಟ್ ಕೊಳ್ಳುವ ಯೋಚನೆ. ಒಂದೋ ಹೊಸ ಮೆಟಾ ಕ್ವೆಸ್ಟ್ 3, ಇಲ್ಲವೇ ಮಂಗಳೂರಿನಲ್ಲಿ ಒಬ್ಬರು ತೀರಾ ಅಗ್ಗಕ್ಕೆ ಮಾರುತ್ತಿರುವ ಎಚ್‌ಪಿ ರಿವರ್ಬ್ ಜಿ2. ಯಾವುದು ಒಳ್ಳೆಯದು? ನನ್ನ ಕಾರ್ಡ್ ತಾಳಿಕೊಳ್ಳುತ್ತದೆಯೇ? ನನಗೆ ಕನ್ನಡಕ ಇದೆ. ಘಾಟಿಯ ಬಸ್ಸಿನಲ್ಲಿ ವಾಂತಿಯೂ ಬರುತ್ತದೆ. ಇಷ್ಟು ಹಣ ಹಾಕಿದರೆ ಇಳಿಯುವುದು ನಿಜವಾಗಿಯೂ ಸುಧಾರಿಸುತ್ತದೆಯೇ ಎಂಬುದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ.

ಬಜಪೆ ಬಯಲು:

ಮೊದಲು ಜಿ2 ವಿಷಯ ಮುಗಿಸಿಬಿಡುತ್ತೇನೆ: ಬೇಡ. ಹೆಡ್‌ಸೆಟ್ ಒಳ್ಳೆಯದೇ. ಒಂದೊಂದು ಕಣ್ಣಿಗೆ 2160×2160 ಚುಕ್ಕೆಗಳು. ಅದು ಬಂದ ಹೊಸದರಲ್ಲಿ ವಿಮಾನದ ಆಟದವರೆಲ್ಲ ಅದನ್ನೇ ಬಯಸುತ್ತಿದ್ದರು. ಆದರೆ ಅದು ನಿಂತಿರುವುದು ವಿಂಡೋಸ್ ಮಿಕ್ಸೆಡ್ ರಿಯಾಲಿಟಿ ಎಂಬ ತಂತ್ರಾಂಶದ ಮೇಲೆ. ಅದನ್ನು ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರ ಡಿಸೆಂಬರಿನಲ್ಲಿ ತಿಳಿಸಿತು, ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ತೆಗೆದೂ ಹಾಕಿತು. ಕಂಪ್ಯೂಟರಿನ ವಿಂಡೋಸನ್ನು ಹಳೆಯ ಆವೃತ್ತಿಯಲ್ಲೇ ಕಟ್ಟಿಹಾಕಿಕೊಂಡು ಎಷ್ಟು ದಿನ ಇರುತ್ತೀರಿ? ಅಗ್ಗಕ್ಕೆ ಸಿಗುತ್ತಿರುವುದಕ್ಕೆ ಕಾರಣ ಇದೇ ಇರಬೇಕು.

ಇನ್ನು ಕ್ವೆಸ್ಟ್ 3. ಅದನ್ನು ಕೊಳ್ಳುವ ಮೊದಲು ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ಸ್ಪಷ್ಟವಾಗಿರಲಿ. ಸಿಗದಿರುವುದು ಚಿತ್ರದ ಸ್ಪಷ್ಟತೆ. ಒಂದು ಕಣ್ಣಿಗೆ 2064×2208 ಎಂದರೆ ದೊಡ್ಡ ಸಂಖ್ಯೆಯಂತೆ ಕಾಣುತ್ತದೆ. ಆ ಚುಕ್ಕೆಗಳನ್ನೆಲ್ಲ ಅಗಲವಾದ ನೋಟಕ್ಕೆ ಹರಡಿದಾಗ ಒಂದು ಡಿಗ್ರಿಗೆ ಉಳಿಯುವುದು 25ರಷ್ಟು. ಆರೋಗ್ಯವಂತ ಕಣ್ಣು ಡಿಗ್ರಿಗೆ 60ರಷ್ಟು ಚುಕ್ಕೆಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು. ಆದ್ದರಿಂದ ಗಾಜಿನ ಕಾಕ್‌ಪಿಟ್ಟಿನ, ಅಂದರೆ ಮುಳ್ಳಿನ ಮಾಪಕಗಳ ಬದಲು ಪರದೆಗಳಿರುವ ಕಾಕ್‌ಪಿಟ್ಟಿನ, ಸಣ್ಣ ಅಕ್ಷರಗಳನ್ನು ಓದಲು ಮುಂದಕ್ಕೆ ಬಾಗಬೇಕಾಗುತ್ತದೆ. ದೂರದ ವಿಮಾನ ಕಾಣುವುದೇ ಇಲ್ಲ. ರನ್‌ವೇಯ ಪಕ್ಕದಲ್ಲಿರುವ ಪಾಪಿ (PAPI) ಎಂಬ ದೀಪಗಳು, ಎರಡು ಬಿಳಿ ಎರಡು ಕೆಂಪು ಕಂಡರೆ ಇಳಿಜಾರು ಸರಿಯಿದೆ ಎನ್ನುತ್ತೇವಲ್ಲ, ಅವು ದೂರದಿಂದ ಒಂದಕ್ಕೊಂದು ಕಲಸಿಕೊಂಡಂತೆ ಕಾಣುತ್ತವೆ.

ಸಿಗುವುದು ಅಳತೆ. ಕಾಕ್‌ಪಿಟ್ ಕಾಕ್‌ಪಿಟ್ಟಿನಷ್ಟೇ ದೊಡ್ಡದಾಗಿರುತ್ತದೆ, ರೆಕ್ಕೆ ರೆಕ್ಕೆಯಷ್ಟೇ ಉದ್ದವಿರುತ್ತದೆ, ರನ್‌ವೇ ತನ್ನ ನಿಜವಾದ ಅಗಲದಲ್ಲಿ ಮೇಲೇರಿ ಬರುತ್ತದೆ. ಇಳಿಯುವಿಕೆ ಶುರುವಾಗುವುದೇ ಸರ್ಕ್ಯೂಟಿನಲ್ಲಿ, ಅಂದರೆ ಇಳಿಯುವ ಮುನ್ನ ರನ್‌ವೇಯ ಬಳಿ ಹಾಕುವ ಸುತ್ತಿನಲ್ಲಿ, ಎಂಬುದನ್ನು ಮರೆಯಬೇಡಿ. ರನ್‌ವೇಗೆ ಸಮಾನಾಂತರವಾಗಿ, ಇಳಿಯುವ ದಿಕ್ಕಿಗೆ ವಿರುದ್ಧವಾಗಿ ಹಾರುತ್ತಿರುವಾಗ, ಇಳಿಯುವ ತುದಿ ಭುಜದ ಹಿಂದೆ 45 ಡಿಗ್ರಿಗೆ ಹೋದಾಗ ತಿರುಗಬೇಕು. ಪರದೆಯಲ್ಲಾದರೆ ಜಾಯ್‌ಸ್ಟಿಕ್ಕಿನ ಮೇಲಿನ ಗುಂಡಿ ಒತ್ತಿ ನೋಟ ಬದಲಿಸುತ್ತೀರಿ. ಅಷ್ಟರಲ್ಲಿ ವಿಮಾನದ ಮೂಗು ಎತ್ತ ಇತ್ತು ಎಂಬ ಅರಿವೇ ತಪ್ಪಿಹೋಗುತ್ತದೆ. ಹೆಡ್‌ಸೆಟ್ಟಿನಲ್ಲಿ ಕುತ್ತಿಗೆ ತಿರುಗಿಸಿದರೆ ಸಾಕು, ಮೈಗೆ ದಿಕ್ಕು ಗೊತ್ತಿರುತ್ತದೆ. ತಿರುವು ಸರಿಯಾದರೆ ಕೊನೆಯ ನೇರ ಸರಿಯಾಗುತ್ತದೆ, ಕೊನೆಯ ನೇರ ಸರಿಯಾದರೆ ಇಳಿಯುವಿಕೆ ಮುಕ್ಕಾಲು ಪಾಲು ಮುಗಿದಂತೆ.

ಮಂಗಳೂರಿನ ವಿಮಾನ ನಿಲ್ದಾಣವಿರುವ ನಮ್ಮ ಬಜಪೆಯಂಥ ಕಡೆ ಇದರ ಬೆಲೆ ಇನ್ನೂ ಹೆಚ್ಚು. 2450 ಮೀಟರಿನ 06/24 (ಎರಡು ತುದಿಗಳ ದಿಕ್ಕಿನ ಸಂಖ್ಯೆಗಳು) ರನ್‌ವೇ ಗುಡ್ಡದ ನೆತ್ತಿಯನ್ನು ಸಮ ಮಾಡಿ ಕಟ್ಟಿದ್ದು. ತುದಿಗಳಲ್ಲಿ ನೆಲ ಕಣಿವೆಗೆ ಇಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು ನೂರು ಮೀಟರ್ ಎತ್ತರ. ಪರದೆಯಲ್ಲಿ ಅದು ಹಸಿರಿನ ನಡುವಿನ ಬೂದು ಪಟ್ಟಿ. ಹೆಡ್‌ಸೆಟ್ಟಿನಲ್ಲಿ ಕೆಳಗಿನ ಕಣಿವೆಯೂ ಮೇಲಿನ ರನ್‌ವೇಯೂ ಬೇರೆ ಬೇರೆ ಎತ್ತರದಲ್ಲಿವೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಅಳತೆಗಾಗಿ ಕೊಳ್ಳುವುದಾದರೆ ಕೊಳ್ಳಿ, ಸ್ಪಷ್ಟತೆಗಾಗಿ ಬೇಡ.

ಮಲ್ಪೆ ದೋಣಿ:

ಬಯಲಣ್ಣನ ಮಾತನ್ನು ಅರ್ಧ ಒಪ್ಪುತ್ತೇನೆ. ಆದರೆ ವಿದ್ಯಾರ್ಥಿಯೊಬ್ಬರಿಗೆ ಇಷ್ಟು ಖರ್ಚಿನ ದಾರಿಯನ್ನೇ ಮೊದಲು ತೋರಿಸುವುದು ನನಗೆ ಸರಿ ಕಾಣುವುದಿಲ್ಲ. ಕುತ್ತಿಗೆ ತಿರುಗಿಸಿ ನೋಡುವುದೇ ಮುಖ್ಯವಾದರೆ ತಲೆಯ ಚಲನೆಯನ್ನು ಹಿಡಿಯುವ ತಂತ್ರಾಂಶಗಳಿವೆ. ಓಪನ್‌ಟ್ರ್ಯಾಕ್ ಉಚಿತ, ಸಾಧಾರಣ ವೆಬ್‌ಕ್ಯಾಮೆರಾ ಸಾಕು. ತಲೆ ಸ್ವಲ್ಪ ತಿರುಗಿಸಿದರೆ ಪರದೆಯ ನೋಟ ಹೆಚ್ಚು ತಿರುಗುತ್ತದೆ. ಟ್ರ್ಯಾಕ್‌ಐಆರ್ ಎಂಬ ಸಾಧನವನ್ನು ಎಷ್ಟೋ ಜನ ವರ್ಷಗಟ್ಟಲೆ ಇದಕ್ಕೇ ಬಳಸುತ್ತಿದ್ದಾರೆ.

ನಾನು ವ್ಯಾಟ್‌ಸಿಮ್ ಜಾಲದಲ್ಲಿ ಹಾರುವವನು. ಅಲ್ಲಿ ನಿಯಂತ್ರಣ ಗೋಪುರದ ಕೆಲಸವನ್ನೂ ಮನುಷ್ಯರೇ ಮಾಡುತ್ತಾರೆ. ಅವರು ಹೇಳಿದ ಎತ್ತರ, ದಿಕ್ಕು, ತರಂಗಾಂತರಗಳನ್ನು ಬರೆದುಕೊಳ್ಳಬೇಕು, ನಕ್ಷೆ ತೆರೆದಿರಬೇಕು, ಕೀಲಿಮಣೆ ಕಾಣಬೇಕು. ಮುಖಕ್ಕೆ ಪೆಟ್ಟಿಗೆ ಕಟ್ಟಿಕೊಂಡು ಪೆನ್ನು ಹುಡುಕುವುದು ಹೇಗೆ? ಎಟಿಆರ್ ವಿಮಾನವನ್ನು ಬೆಂಗಳೂರಿನಿಂದ ಬಜಪೆಗೆ ತರುವ ಒಂದು ಗಂಟೆಯಲ್ಲಿ ಕಿಟಕಿಯ ಹೊರಗೆ ನೋಡುವುದು ಕೊನೆಯ ಹತ್ತು ನಿಮಿಷ. ಉಳಿದ ಹೊತ್ತೆಲ್ಲ ಅಕ್ಷರ, ಅಂಕಿ. ಅವನ್ನು ಓದಲು ದೊಡ್ಡ ಪರದೆಗಿಂತ ಒಳ್ಳೆಯದು ಯಾವುದೂ ಇಲ್ಲ.

ಬಜಪೆ ಬಯಲು:

ದೋಣಿಯವರೇ, ದೊಡ್ಡ ವಿಮಾನಗಳ ಮಟ್ಟಿಗೆ ನಿಮ್ಮ ಮಾತು ಪೂರ್ತಿ ನಿಜ. ಹುಡುಗ ಹಾರಿಸುತ್ತಿರುವುದು ಸೆಸ್ನಾ. ಅದರಲ್ಲಿ ಕಿಟಕಿಯೇ ಮುಖ್ಯ ಉಪಕರಣ. ಇನ್ನೊಂದು ವಿಷಯ: ತಲೆಯ ಚಲನೆ ಹಿಡಿಯುವ ವ್ಯವಸ್ಥೆಯಲ್ಲಿ ಹಿಂದೆ ನೋಡುವಾಗಲೂ ಕಣ್ಣು ಮುಂದಿನ ಪರದೆಯ ಮೇಲೇ ನೆಟ್ಟಿರಬೇಕು. ಅಭ್ಯಾಸವಾಗುತ್ತದೆ, ಆದರೆ ಅಳತೆ ಬರುವುದಿಲ್ಲ. ಹಣವಿಲ್ಲದಿದ್ದರೆ ಓಪನ್‌ಟ್ರ್ಯಾಕ್‌ನಿಂದ ಶುರು ಮಾಡಲಿ ಎಂಬುದಕ್ಕೆ ನನ್ನ ತಕರಾರಿಲ್ಲ.

ಸುರತ್ಕಲ್ ಸರ್ಕ್ಯೂಟ್:

ಕಾರ್ಡಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ನಾನು ಲೆಕ್ಕ ಕೊಡುತ್ತೇನೆ.

ನಿಮ್ಮ ಪರದೆ 1920×1080 ಆಗಿದ್ದರೆ ಸುಮಾರು 20.7 ಲಕ್ಷ ಚುಕ್ಕೆಗಳು. ಕ್ವೆಸ್ಟ್ 3ರ ಎರಡೂ ಕಣ್ಣು ಸೇರಿ 91 ಲಕ್ಷ. 4ಕೆ ಪರದೆಗಿಂತಲೂ ಹೆಚ್ಚು. ಲೆನ್ಸಿನ ಬಾಗನ್ನು ಸರಿದೂಗಿಸಲು ಅದಕ್ಕಿಂತ ದೊಡ್ಡ ಚಿತ್ರವನ್ನೇ ಬಿಡಿಸಿ ಆಮೇಲೆ ಕುಗ್ಗಿಸಬೇಕು. ಸೆಕೆಂಡಿಗೆ 72 ಚಿತ್ರಗಳೆಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ 13.9 ಮಿಲಿಸೆಕೆಂಡು, 90 ಎಂದರೆ 11.1. ಆರ್‌ಟಿಎಕ್ಸ್ 3060ಗೆ ಈ ಆಟದಲ್ಲಿ ಅದು ಆಗದ ಕೆಲಸ.

ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಕಾರ್ಡ್ 36 ಚಿತ್ರ ಕೊಟ್ಟರೆ ಸಾಕು. ನಡುವಿನ ಒಂದೊಂದು ಚಿತ್ರವನ್ನು ಹೆಡ್‌ಸೆಟ್ಟಿನ ತಂತ್ರಾಂಶವೇ ಊಹಿಸಿ ತುಂಬುತ್ತದೆ. ರೆಕ್ಕೆಯ ಅಂಚಿನಲ್ಲಿ, ತಿರುಗುವ ಪ್ರೊಪೆಲ್ಲರಿನ ಸುತ್ತ ಸ್ವಲ್ಪ ನೀರಲ್ಲಿ ಕಂಡಂತೆ ಅಲುಗುತ್ತದೆ, ಅಷ್ಟೇ. ವಿಮಾನದ ಆಟದಲ್ಲಿ ದೃಶ್ಯ ನಿಧಾನವಾಗಿ ಬದಲಾಗುವುದರಿಂದ ಈ ಉಪಾಯ ಬೇರೆ ಆಟಗಳಿಗಿಂತ ಇಲ್ಲಿ ಚೆನ್ನಾಗಿ ಒಗ್ಗುತ್ತದೆ. ಮುಖ್ಯವಾದದ್ದು 36 ಎಂದರೆ ಸದಾ 36 ಇರಬೇಕು. ಒಮ್ಮೆ 50, ಒಮ್ಮೆ 28 ಆಗಿ ಕುಗ್ಗಿ ಹಿಗ್ಗಿದರೆ ತಲೆ ತಿರುಗುತ್ತದೆ.

ಹೇಗೆ ಸಾಧಿಸುವುದು? ಆಟದ ಸೆಟ್ಟಿಂಗ್‌ಗಳಲ್ಲಿ ಮೋಡಗಳನ್ನು ಮಧ್ಯಮಕ್ಕೆ ಇಳಿಸಿ. ನೆಲದ ವಿವರವನ್ನು 100ರ ಆಸುಪಾಸಿನಲ್ಲಿಡಿ, ಅದು ಕಾರ್ಡಿಗಿಂತ ಪ್ರೊಸೆಸರಿಗೆ ಭಾರ. ವಿಮಾನ ನಿಲ್ದಾಣದ ವಾಹನ ಸಂಚಾರ ತೆಗೆದುಬಿಡಿ. ಚಿಕ್ಕ ಚಿತ್ರ ಬಿಡಿಸಿ ಹಿಗ್ಗಿಸುವ ಡಿಎಲ್‌ಎಸ್‌ಎಸ್ ಹಾಕಿದರೆ ವೇಗ ಸಿಗುತ್ತದೆ, ಆದರೆ ಗಾಜಿನ ಕಾಕ್‌ಪಿಟ್ಟಿನ ಅಂಕಿಗಳು ಮಸುಕಾಗುತ್ತವೆ. ಮುಳ್ಳಿನ ಮಾಪಕಗಳಿರುವ ಸೆಸ್ನಾ ಇದ್ದರೆ ಅದನ್ನೇ ಆರಿಸಿಕೊಳ್ಳಿ, ಮುಳ್ಳಿನ ದಿಕ್ಕು ಮಸುಕಿನಲ್ಲೂ ತಿಳಿಯುತ್ತದೆ.

ವೈಫೈ ಮೂಲಕ ಜೋಡಿಸುವುದಾದರೆ ರೂಟರ್‌ನಿಂದ ಕಂಪ್ಯೂಟರಿಗೆ ತಂತಿ ಎಳೆಯಲೇಬೇಕು, ಹೆಡ್‌ಸೆಟ್ ಮಾತ್ರ 5 ಗಿಗಾಹರ್ಟ್ಸ್‌ನಲ್ಲಿ ಗಾಳಿಯಲ್ಲಿರಲಿ, ರೂಟರ್ ಅದೇ ಕೋಣೆಯಲ್ಲಿರಲಿ. ಚಿತ್ರವನ್ನು ಕುಗ್ಗಿಸಿ ಹೆಡ್‌ಸೆಟ್ಟಿಗೆ ಕಳಿಸುವ ಎವಿ1 ಎನ್‌ಕೋಡರ್ ನಿಮ್ಮ ಕಾರ್ಡಿನಲ್ಲಿ ಇಲ್ಲ, ಅದು ಆರ್‌ಟಿಎಕ್ಸ್ 40ರ ಸರಣಿಯಿಂದ ಬಂದದ್ದು. ಅದರ ಬದಲು ಎಚ್‌ಇವಿಸಿ ಆರಿಸಿಕೊಳ್ಳಿ. ಬ್ಯಾಟರಿ ಸುಮಾರು ಎರಡು ಗಂಟೆ ಬರುತ್ತದೆ. ಕುಳಿತು ಆಡುವ ಆಟವಾದ್ದರಿಂದ ಯುಎಸ್‌ಬಿ ತಂತಿಯೇ ನೆಮ್ಮದಿ.

ಉಚ್ಚಿಲದ ಹುಡುಗ:

ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. 36ಕ್ಕೆ ಕಟ್ಟುವ ವಿಷಯ ನನಗೆ ಗೊತ್ತೇ ಇರಲಿಲ್ಲ. ವಾಂತಿಯ ಬಗ್ಗೆ ಯಾರಾದರೂ ಹೇಳುತ್ತೀರಾ? ಆಗುಂಬೆ ಹತ್ತಿ ಮೇಲೆ ಹೋಗುವಷ್ಟರಲ್ಲಿ ನನಗೆ ಸಾಕಾಗಿಹೋಗುತ್ತದೆ.

ಕಡಿಯಾಳಿ ಅಕ್ಕ:

ತಮ್ಮಾ, ಇದು ನನ್ನ ಕೆಲಸಕ್ಕೆ ಸಂಬಂಧಿಸಿದ್ದು. ತಲೆಸುತ್ತಿನ ರೋಗಿಗಳಿಗೆ ಸಮತೋಲನದ ಪರೀಕ್ಷೆ ಮಾಡುವವಳು ನಾನು. ವಿಮಾನ ಹಾರಿಸುವ ಆಟದ ಹುಚ್ಚು ನನ್ನ ತಮ್ಮನಿಂದ ಅಂಟಿತು.

ಒಳಕಿವಿಯಲ್ಲಿ ತಲೆಯ ತಿರುಗುವಿಕೆಯನ್ನು ಅಳೆಯುವ ಮೂರು ನಾಳಗಳಿವೆ, ವೇಗದ ಏರಿಳಿತವನ್ನೂ ವಾಲುವಿಕೆಯನ್ನೂ ಅಳೆಯುವ ಎರಡು ಚೀಲಗಳಿವೆ. ಅವು ಹೇಳುವುದೂ ಕಣ್ಣು ಹೇಳುವುದೂ ಹೊಂದಬೇಕು. ಆಗುಂಬೆಯ ತಿರುವಿನಲ್ಲಿ ಕಿವಿ ‘ತಿರುಗುತ್ತಿದ್ದೇವೆ’ ಎನ್ನುತ್ತದೆ, ಮೊಬೈಲ್ ನೋಡುತ್ತಿರುವ ಕಣ್ಣು ‘ಕುಳಿತಿದ್ದೇವೆ’ ಎನ್ನುತ್ತದೆ. ಹೆಡ್‌ಸೆಟ್ಟಿನಲ್ಲಿ ತಿರುಗಾಮುರುಗಾ: ಕಣ್ಣು ತಿರುಗುತ್ತದೆ, ಕಿವಿ ಸುಮ್ಮನಿರುತ್ತದೆ. ಜಗಳ ಅದೇ, ಪಕ್ಷಗಳು ಬದಲಾಗಿವೆ. ಬಸ್ಸಿನಲ್ಲಿ ಬೇಗ ವಾಂತಿ ಬರುವವರಿಗೆ ಇಲ್ಲಿಯೂ ಬರುವ ಸಂಭವ ಹೆಚ್ಚು. ಆದರೆ ಹೆಚ್ಚಿನವರಿಗೆ ನಿಧಾನವಾಗಿ ಒಗ್ಗುತ್ತದೆ.

ಒಗ್ಗಿಸಿಕೊಳ್ಳುವ ಕ್ರಮ ಮುಖ್ಯ. ಶುರುವಿನಲ್ಲಿ ಹತ್ತು ಹದಿನೈದು ನಿಮಿಷ ಸಾಕು. ಗಾಳಿಯಿಲ್ಲದ ಹವಾಮಾನ, ನೇರ ಹಾರಾಟ, ಅಗಲವಾದ ತಿರುವುಗಳು. ಕಾಕ್‌ಪಿಟ್ಟಿನ ಒಳಗೇ ಇರಿ. ವಿಮಾನವನ್ನು ಹೊರಗಿನಿಂದ ನೋಡುವ ಕ್ಯಾಮೆರಾ ಬೇಡವೇ ಬೇಡ. ಕಾಕ್‌ಪಿಟ್ಟಿನ ಚೌಕಟ್ಟು ಕಣ್ಣಿಗೆ ಆಸರೆ ಕೊಡುತ್ತದೆ. ಹೆಲಿಕಾಪ್ಟರನ್ನು ಆಮೇಲೆ ನೋಡಿಕೊಳ್ಳಿ. ಎದುರಿಗೆ ಫ್ಯಾನ್ ಇರಲಿ, ಮುಖಕ್ಕೆ ಗಾಳಿ ಬೀಸುತ್ತಿರಲಿ. ಹೊಟ್ಟೆ ಬಿರಿಯುವಂತೆ ಉಂಡು ಕೂರಬೇಡಿ, ಖಾಲಿ ಹೊಟ್ಟೆಯೂ ಬೇಡ.

ಇದೊಂದನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಡಿ: ಬಾಯಲ್ಲಿ ನೀರೂರುವುದು, ತಣ್ಣನೆಯ ಬೆವರು, ಪದೇ ಪದೇ ಆಕಳಿಕೆ, ಇವುಗಳಲ್ಲಿ ಯಾವುದು ಕಂಡರೂ ಆ ಕ್ಷಣವೇ ತೆಗೆದುಬಿಡಿ. ‘ಸ್ವಲ್ಪ ತಡೆದುಕೊಂಡರೆ ಸರಿಹೋಗುತ್ತದೆ’ ಎಂದು ಹಟ ಹಿಡಿದವರಿಗೆ ಹೆಡ್‌ಸೆಟ್ ಕಂಡರೇ ಹೊಟ್ಟೆ ತೊಳಸುವ ಸ್ಥಿತಿ ಬರಬಹುದು. ಆಡಿ ಮುಗಿಸಿದ ಕೂಡಲೇ ಸ್ಕೂಟರ್ ಹತ್ತಿ ಹೆದ್ದಾರಿಗೆ ಇಳಿಯಬೇಡಿ. ಅರ್ಧ ಗಂಟೆಯಾದರೂ ಕುಳಿತು, ನೀರು ಕುಡಿದು, ತಲೆ ಹಗುರಾದ ಮೇಲೆ ಹೊರಡಿ.

ಕುಂದಾಪುರದ ಅಪ್ಪ:

ಅಕ್ಕ, ನನ್ನ ಮಗನಿಗೆ ಒಂಬತ್ತು ವರ್ಷ. ದೊಡ್ಡಪ್ಪನ ಮನೆಯಲ್ಲಿ ಹೆಡ್‌ಸೆಟ್ ನೋಡಿ ಬಂದವನು ಅದನ್ನೇ ಕೇಳುತ್ತಿದ್ದಾನೆ. ಕೊಡಬಹುದೇ?

ಕಡಿಯಾಳಿ ಅಕ್ಕ:

ಈಗ ಬೇಡ ಅಣ್ಣ. ಕ್ವೆಸ್ಟ್ ತಯಾರಿಸುವ ಮೆಟಾ ಕಂಪನಿಯೇ 10 ವರ್ಷಕ್ಕಿಂತ ಚಿಕ್ಕವರಿಗೆ ಬೇಡ ಎನ್ನುತ್ತದೆ. 10ರಿಂದ 12ರವರಿಗೆ ತಂದೆತಾಯಿ ನಿಭಾಯಿಸುವ ಖಾತೆ ಬೇಕು. ಸೋನಿಯ ಹೆಡ್‌ಸೆಟ್ಟಿಗೆ 12 ವರ್ಷ. ವಯಸ್ಸಿನ ಮಾತು ಬಿಟ್ಟರೂ, ಮಕ್ಕಳ ಎರಡು ಕಣ್ಣುಗಳ ನಡುವಿನ ಅಂತರ ಚಿಕ್ಕದು. ಕ್ವೆಸ್ಟ್ 3ರ ಲೆನ್ಸುಗಳು ಹತ್ತಿರವಾಗುವುದು 58 ಮಿಲಿಮೀಟರಿನವರೆಗೆ ಮಾತ್ರ. ಲೆನ್ಸಿನ ನಡು ಕಣ್ಣಿನ ನಡುವಿಗೆ ಹೊಂದದಿದ್ದರೆ ಕಣ್ಣು ಆಯಾಸವಾಗುತ್ತದೆ. ಅವನಿಗೆ ಪರದೆ, ಜಾಯ್‌ಸ್ಟಿಕ್ ಕೊಡಿಸಿ, ಪಕ್ಕದಲ್ಲಿ ನೀವು ಕುಳಿತು ನಕ್ಷೆ ಹಿಡಿಯಿರಿ.

ಶಾಂಭವಿ ತೀರ:

ನಾನು ಹೊರ ರಾಜ್ಯದಲ್ಲಿ ವಿಮಾನ ಹಾರಾಟದ ತರಬೇತಿಯಲ್ಲಿದ್ದೇನೆ, ರಜೆಗೆ ಮೂಲ್ಕಿಗೆ ಬಂದಿದ್ದೇನೆ. ವಿಆರ್ ಎಂದರೆ ಮಕ್ಕಳಾಟ ಎಂದು ನಮ್ಮ ಮನೆಯಲ್ಲೂ ಹೇಳುತ್ತಾರೆ, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಐರೋಪ್ಯ ಒಕ್ಕೂಟದ ವಾಯುಯಾನ ಸುರಕ್ಷತಾ ಸಂಸ್ಥೆ 2021ರ ಏಪ್ರಿಲಿನಲ್ಲಿ ಸ್ವಿಟ್ಜರ್ಲೆಂಡಿನ ವಿಆರ್‌ಎಂ ಎಂಬ ಕಂಪನಿಯ ವಿಆರ್ ತರಬೇತಿ ಸಾಧನಕ್ಕೆ ಮಾನ್ಯತೆ ಕೊಟ್ಟಿತು. ರಾಬಿನ್ಸನ್ ಆರ್22 ಹೆಲಿಕಾಪ್ಟರಿನದು ಅದು. ಇಂಥ ಸಾಧನಕ್ಕೆ ಅಲ್ಲಿ ಸಿಕ್ಕ ಮೊದಲ ಮಾನ್ಯತೆ. ಮೊದಲಿಗೆ ಹೆಲಿಕಾಪ್ಟರೇ ಏಕೆ? ನೆಲಕ್ಕೆ ಹತ್ತಿರ ಒಂದೇ ಕಡೆ ತೇಲುತ್ತ ನಿಲ್ಲುವಾಗ ಪೈಲಟ್ ಮಾಪಕ ನೋಡುವುದಿಲ್ಲ. ಹುಲ್ಲು, ಕಲ್ಲು, ಅಂಚಿನ ನೋಟ, ನೆಲದ ಆಳ, ಇವುಗಳಿಂದಲೇ ಅಂದಾಜು ಮಾಡುತ್ತಾನೆ. ಬಯಲು ಸರ್ ಹೇಳಿದ ಅಳತೆಯ ಮಾತೇ ಅದು. ಅಲ್ಲಿ ಇರುವುದು ಬರೀ ಹೆಡ್‌ಸೆಟ್ ಅಲ್ಲ, ನಿಜವಾದ ಅಳತೆಯ ಕಾಕ್‌ಪಿಟ್, ಅದರ ಕೆಳಗೆ ಅಲುಗುವ ವೇದಿಕೆ. ಕಿವಿಗೂ ಚಲನೆ ಸಿಗುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದು 1929ರ ಲಿಂಕ್ ಟ್ರೈನರ್. ಎಡ್ವಿನ್ ಲಿಂಕ್ ಅವರ ಮನೆತನದ್ದು ಆರ್ಗನ್ ವಾದ್ಯಗಳ ತಯಾರಿಕೆ. ಆ ವಾದ್ಯದ ತಿದಿಗಳನ್ನೇ ಬಳಸಿ ವಾಲುವ, ತಿರುಗುವ ಪೆಟ್ಟಿಗೆ ಮಾಡಿದರು. ಮುಚ್ಚಳ ಹಾಕಿದರೆ ಹೊರಗಿನದು ಏನೂ ಕಾಣದು. ಮಾಪಕಗಳನ್ನಷ್ಟೇ ನಂಬಿ ಹಾರುವುದನ್ನು ಅದು ಸಾವಿರಾರು ಜನರಿಗೆ ಕಲಿಸಿತು. ಹೊರಗೆ ನೋಡಿ ಹಾರುವುದನ್ನು ಮನೆಯ ಕೋಣೆಯಲ್ಲಿ ಅಭ್ಯಾಸ ಮಾಡಲು ಆಗುತ್ತಿರುವುದು ಈಗ.

ಆದರೆ ಎರಡು ಎಚ್ಚರಿಕೆಗಳು. ಮನೆಯಲ್ಲಿ ಆಡಿದ ಗಂಟೆಗಳು ಲಾಗ್‌ಬುಕ್ಕಿಗೆ ಬರುವುದಿಲ್ಲ. ಜಾಯ್‌ಸ್ಟಿಕ್ಕಿನಲ್ಲಿ ಗಾಳಿಯ ಒತ್ತಡ ಕೈಗೆ ತಿಳಿಯುವುದಿಲ್ಲ. ವೇಗ ಇಳಿದಾಗ ನಿಜವಾದ ಸೆಸ್ನಾದ ಯೋಕ್, ಅಂದರೆ ಕೈಯಲ್ಲಿ ಹಿಡಿಯುವ ಚುಕ್ಕಾಣಿ, ಸಡಿಲವಾಗುತ್ತದೆ, ಅದನ್ನು ಯಾವ ಕನ್ನಡಕವೂ ಕಲಿಸದು. ಹುಡುಗನಿಗೆ ನನ್ನ ಸಲಹೆ: ಹೆಡ್‌ಸೆಟ್ಟಿನ ಜೊತೆ ಸಾಧ್ಯವಾದರೆ ರಡ್ಡರ್ ಪೆಡಲ್ ಕೂಡ ತೆಗೆದುಕೊಳ್ಳಿ. ಕಣ್ಣು ಮುಚ್ಚಿದಂತಿರುವಾಗ ಕಾಲಿನ ಕೆಲಸ ಕಾಲಿಗೇ ಇರಲಿ. ಜಾಯ್‌ಸ್ಟಿಕ್ಕಿನ ಗುಂಡಿಗಳಲ್ಲಿ ಫ್ಲಾಪ್, ಟ್ರಿಮ್, ಬ್ರೇಕ್ ಯಾವುವು ಎಂಬುದು ಬೆರಳಿಗೆ ಗೊತ್ತಿರಬೇಕು. ಕೀಲಿಮಣೆ ಹುಡುಕುವಂತಾಗಬಾರದು.

ಸುರತ್ಕಲ್ ಸರ್ಕ್ಯೂಟ್:

ಅಳತೆಯ ವಿಷಯದಲ್ಲಿ ಒಂದು ತಿದ್ದುಪಡಿ ಬೇಕು. ಎರಡು ಕಣ್ಣುಗಳ ನಡುವೆ ಇರುವುದು 63 ಮಿಲಿಮೀಟರ್ ಆಸುಪಾಸು. ಅಷ್ಟು ಸಣ್ಣ ಅಂತರದಿಂದ ಹುಟ್ಟುವ ಆಳದ ಅರಿವು ಹತ್ತಿರದ ವಸ್ತುಗಳಿಗೆ ಚುರುಕಾಗಿರುತ್ತದೆ, ದೂರ ಹೋದಂತೆ ಕ್ಷೀಣಿಸುತ್ತದೆ. ಎರಡು ಕಿಲೋಮೀಟರ್ ಆಚೆ ಇರುವ ಬಜಪೆಯ ರನ್‌ವೇಗೆ ಅದು ಉಪಯೋಗಕ್ಕೆ ಬರುವುದಿಲ್ಲ, ಹೆಡ್‌ಸೆಟ್ಟಿನ ಚುಕ್ಕೆಗಳ ಮಿತಿಯಲ್ಲಂತೂ ಇಲ್ಲವೇ ಇಲ್ಲ. ಅಷ್ಟು ದೂರದಲ್ಲಿ ಕಣಿವೆ ಕೆಳಗೆ, ರನ್‌ವೇ ಮೇಲೆ ಎಂದು ತಿಳಿಯುವುದು ಅಗಲವಾದ ನೋಟದಿಂದ ಮತ್ತು ವಿಮಾನ ಸಾಗಿದಂತೆ ಹತ್ತಿರದ್ದು ಬೇಗ, ದೂರದ್ದು ನಿಧಾನವಾಗಿ ಸರಿಯುವುದರಿಂದ. ಕಣ್ಣಿನ ಜೋಡಿ ಕೆಲಸ ಮಾಡುವುದು ಕೊನೆಯ ಹತ್ತು ಮೀಟರಿನಲ್ಲಿ.

ಬಜಪೆ ಬಯಲು:

ಒಪ್ಪಿದೆ, ನೀವು ಹೇಳಿದ್ದು ಹೆಚ್ಚು ಖಚಿತ. ಹುಡುಗನಿಗೆ ತೊಂದರೆ ಇರುವುದೂ ಆ ಕೊನೆಯ ಹತ್ತು ಮೀಟರಿನಲ್ಲೇ. ಸೆಸ್ನಾದ ಮೂಗನ್ನು ಎತ್ತಲು ತೊಡಗುವುದು ಹತ್ತಿಪ್ಪತ್ತು ಅಡಿ ಎತ್ತರದಲ್ಲಿ. ಆಗ ಮೂಗಿನ ಮುಂದಿನ ಡಾಂಬರನ್ನು ದಿಟ್ಟಿಸಬೇಡಿ. ನೋಟವನ್ನು ರನ್‌ವೇಯ ಆಚೆ ತುದಿಗೆ ಒಯ್ಯಿರಿ, ಅಕ್ಕಪಕ್ಕದ ನೆಲ ಅಂಚಿನ ನೋಟದಲ್ಲಿ ಮೇಲೇರುವುದು ತಾನಾಗಿ ತಿಳಿಯುತ್ತದೆ.

ಇದನ್ನು ಬಜಪೆಯಲ್ಲೇ ಕಲಿಯಬೇಕೆಂದಿಲ್ಲ. ಸಮತಟ್ಟಾದ ನೆಲವಿರುವ ನಿಲ್ದಾಣದಲ್ಲಿ ಕೈ ಕೂಡಲಿ, ಆಮೇಲೆ ಇಲ್ಲಿಗೆ ಬನ್ನಿ. ಇಲ್ಲಿಗೆ ಬಂದಾಗ ಇಳಿಯುವುದಕ್ಕಿಂತ ಹೆಚ್ಚಾಗಿ ಇಳಿಯದೆ ಮೇಲೇರಿ ಹೋಗುವುದನ್ನು ಅಭ್ಯಾಸ ಮಾಡಿ. 3 ಡಿಗ್ರಿ ಇಳಿಜಾರಿನಲ್ಲಿ ಒಂದು ನಾಟಿಕಲ್ ಮೈಲಿಗೆ ಸುಮಾರು 320 ಅಡಿ ಇಳಿಯುತ್ತೀರಿ. 500 ಅಡಿಯಲ್ಲಿ ವೇಗ ಸರಿಯಿಲ್ಲ, ನೇರ ಸರಿಯಿಲ್ಲ, ಇಳಿಜಾರು ಸರಿಯಿಲ್ಲ ಎಂದಾದರೆ ಥ್ರಾಟಲ್ ಪೂರ್ತಿ ಒತ್ತಿ ಹೊರಟುಬಿಡಿ. ಹೆಡ್‌ಸೆಟ್ಟಿನಲ್ಲಿ ಆ ನಿರ್ಧಾರ ಬೇಗ ಬರುತ್ತದೆ, ಏಕೆಂದರೆ ಎತ್ತರ ಹೆಚ್ಚಾಗಿದೆ ಎಂಬುದನ್ನು ಕಣ್ಣು ಮೊದಲೇ ಹೇಳಿರುತ್ತದೆ.

ಕೆಂಜಾರು ನಿವಾಸಿ:

ನಾನು ಆಟ ಆಡುವವನಲ್ಲ. ಬಜಪೆ ಎಂಬ ಹೆಸರು ಕಂಡು ಓದಿದೆ. ನಿಮ್ಮೆಲ್ಲರಲ್ಲಿ ಒಂದು ವಿನಂತಿ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಇದೇ ರನ್‌ವೇ ದಾಟಿ ನಮ್ಮೂರಿನ ಕಣಿವೆಗೆ ಬಿತ್ತು. 158 ಜನ ಹೋದರು, 8 ಜನ ಉಳಿದರು. ಇಂಥ ಅಪಘಾತಗಳನ್ನು ಆಟದಲ್ಲಿ ಮರುಸೃಷ್ಟಿಸಿ ವಿಡಿಯೊ ಹಾಕುವವರಿದ್ದಾರೆ ಎಂದು ಕೇಳಿದ್ದೇನೆ. ದಯವಿಟ್ಟು ನೀವು ಮಾಡಬೇಡಿ. ಆ ಮನೆಗಳವರು ಇನ್ನೂ ಇಲ್ಲೇ ಸುತ್ತಮುತ್ತ ಇದ್ದಾರೆ.

ಬಜಪೆ ಬಯಲು:

ಖಂಡಿತ ಮಾಡುವುದಿಲ್ಲ. ಈ ಚರ್ಚೆಯಲ್ಲಿ ಅಂಥದ್ದನ್ನು ಯಾರಾದರೂ ಹಾಕಿದರೆ ತೆಗೆಸುವ ಜವಾಬ್ದಾರಿ ನನ್ನದು.

ಆ ದಿನದ ವಿಚಾರಣಾ ವರದಿಯನ್ನು ಮಾತ್ರ ಎಲ್ಲರೂ ಓದಬೇಕು ಎನ್ನುತ್ತೇನೆ, ನೋಡಿ ಆಡುವುದಕ್ಕಲ್ಲ. ವಿಮಾನ ಹೆಚ್ಚು ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಬರುತ್ತಿತ್ತು. ರನ್‌ವೇಯ ಆರಂಭದಿಂದ ಸುಮಾರು 5200 ಅಡಿ ದಾಟಿದ ಮೇಲೆ ನೆಲ ಮುಟ್ಟಿತು. ಒಟ್ಟು ಉದ್ದವೇ 8000 ಅಡಿ ಚಿಲ್ಲರೆ. ಸಹ ಪೈಲಟ್ ಮೇಲೇರಿ ಹೋಗಲು ಹೇಳಿದ್ದರು. ಮೇಲೆ ನಾನು ಅಭ್ಯಾಸ ಮಾಡಲು ಹೇಳಿದ್ದು ಆ ವರದಿ ಓದಿದ ಮೇಲೆ ನನ್ನಲ್ಲಿ ನಿಂತ ಮಾತು.

ಶಾಂಭವಿ ತೀರ:

ನಮ್ಮ ತರಗತಿಯಲ್ಲೂ ಅದನ್ನು ಕಲಿಸಿದರು. ಕೆಂಜಾರಿನವರ ವಿನಂತಿಗೆ ನನ್ನ ಬೆಂಬಲ ಇದೆ.

ಮಲ್ಪೆ ದೋಣಿ:

ನನ್ನದೂ.

ಹುಡುಗ ನಿಜವಾಗಿಯೂ ಹೆಡ್‌ಸೆಟ್ ಕೊಂಡರೆ ಹಾರಬೇಕಾದ ದಾರಿಯೊಂದನ್ನು ಹೇಳುತ್ತೇನೆ. ಪರದೆಯಲ್ಲಿ ನಾನು ಹಾರಿದ್ದು, ಹೆಡ್‌ಸೆಟ್ಟಿನಲ್ಲಿ ಒಮ್ಮೆ ಹಾರಬೇಕೆಂಬ ಆಸೆ ನನಗೂ ಇದೆ. ಬಜಪೆಯಿಂದ ರನ್‌ವೇ 24ರಲ್ಲಿ ಏರಿ. ಕಡಲು ಎದುರಿಗೇ ಬರುತ್ತದೆ, ಪಣಂಬೂರಿನ ಬಂದರು ಕಾಣುವಾಗ ಬಲಕ್ಕೆ ತಿರುಗಿ ಕರಾವಳಿ ಹಿಡಿಯಿರಿ. ಸಾವಿರ ಅಡಿ ಸಾಕು. ಸುರತ್ಕಲ್, ಮೂಲ್ಕಿಯಲ್ಲಿ ಶಾಂಭವಿ, ನಂದಿನಿ ಸೇರುವ ಅಳಿವೆ, ಪಡುಬಿದ್ರಿ, ಕಾಪುವಿನ ದೀಪಸ್ತಂಭದ ಬಂಡೆ, ಉದ್ಯಾವರದ ಹೊಳೆ, ಮಲ್ಪೆ, ಎಡಕ್ಕೆ ಸೇಂಟ್ ಮೇರಿಸ್ ದ್ವೀಪ. ಅಲ್ಲಿಂದ ಮುಂದೆ ಕೋಡಿ ಬೆಂಗ್ರೆ, ಗಂಗೊಳ್ಳಿ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಮಲ್ಪೆಯವರೆಗೆ ಸೆಸ್ನಾದಲ್ಲಿ ಕಾಲು ಗಂಟೆ. ಸಮುದ್ರದ ಬದಿಯಲ್ಲಿ ಹಾರಿದರೆ ಕಾರ್ಡಿಗೂ ಭಾರ ಕಡಿಮೆ, ಅರ್ಧ ನೋಟ ನೀರೇ ಇರುತ್ತದೆ.

ಬಜಪೆ ಬಯಲು:

ದೋಣಿಯವರೇ, ಒಂದು ಭಾನುವಾರ ನಮ್ಮ ಮನೆಗೆ ಬನ್ನಿ, ಈ ದಾರಿಯನ್ನು ನನ್ನ ಹೆಡ್‌ಸೆಟ್ಟಿನಲ್ಲೇ ಹಾರಿ ನೋಡಿ. ಇದಕ್ಕೆ ಡಿಸಿ-3 ವಿಮಾನ ಬಹಳ ಚೆಂದ. ಸಿಮ್ಯುಲೇಟರಿನ ನಲವತ್ತನೇ ವರ್ಷದ ಆವೃತ್ತಿಯಲ್ಲಿ ಉಚಿತವಾಗಿ ಬಂತಲ್ಲ, ಅದು. 1951ರ ಡಿಸೆಂಬರ್ 25ರಂದು ಬಜಪೆ ನಿಲ್ದಾಣ ಆರಂಭವಾದಾಗ ಜವಾಹರಲಾಲ್ ನೆಹರೂ ಬಂದಿಳಿದದ್ದು ಡಿಸಿ-3ರಲ್ಲೇ. ಬಾಲದ ಚಕ್ರದ ವಿಮಾನವಾದ್ದರಿಂದ ನೆಲದ ಮೇಲಿರುವಾಗ ಮೂಗು ಆಕಾಶ ನೋಡುತ್ತದೆ, ಎದುರು ಏನೂ ಕಾಣದು. ಹೆಡ್‌ಸೆಟ್ಟಿನಲ್ಲಿ ಪಕ್ಕದ ಕಿಟಕಿಯತ್ತ ಬಾಗಿ ಇಣುಕಿ ವಿಮಾನವನ್ನು ನೆಲದ ಮೇಲೆ ಓಡಿಸಬಹುದು. ಪರದೆಯ ಮುಂದೆ ಎಷ್ಟು ಬಾಗಿದರೂ ಅದು ಆಗುವುದಿಲ್ಲ.

ಕುಂದಾಪುರದ ಅಪ್ಪ:

ಮಳೆಗಾಲದ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಹಳೆಯ ಕ್ಯಾಮೆರಾದ ಲೆನ್ಸಿಗೆ ಎರಡು ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಇದಕ್ಕೆ ಹಿಡಿಯುವುದಿಲ್ಲವೇ?

ಸುರತ್ಕಲ್ ಸರ್ಕ್ಯೂಟ್:

ಒಳ್ಳೆಯ ಪ್ರಶ್ನೆ. ಹಿಡಿಯುತ್ತದೆ, ಅದರಲ್ಲೂ ಮುಖದ ಬೆವರು ಹೀರಿದ ಸ್ಪಂಜಿನಿಂದಲೇ ಶುರುವಾಗುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಆ ಸ್ಪಂಜು ಒಂದು ಸಲದ ಆಟಕ್ಕೇ ಒದ್ದೆಯಾಗುತ್ತದೆ. ಸಿಲಿಕೋನ್ ಹೊದಿಕೆ ಹಾಕಿ, ಆಡಿದ ಮೇಲೆ ತೆಗೆದು ತೊಳೆದು ಒಣಗಿಸಿ. ಲೆನ್ಸನ್ನು ಒಣಗಿದ ಮೃದು ಬಟ್ಟೆಯಿಂದ ಮಾತ್ರ ಒರೆಸಿ, ಸ್ಪಿರಿಟ್ ಹಾಕಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ.

ಬೂಷ್ಟು ಹೋಗಲಿ ಎಂದು ಬಿಸಿಲಿಗೆ ಇಡುವವರಿದ್ದಾರೆ. ಅದೊಂದನ್ನು ಎಂದೂ ಮಾಡಬೇಡಿ. ಲೆನ್ಸು ಬಿಸಿಲನ್ನು ಒಂದೆಡೆ ಕೂಡಿಸಿ ಒಳಗಿನ ಪರದೆಯನ್ನು ಕ್ಷಣಗಳಲ್ಲಿ ಸುಡುತ್ತದೆ. ಕಿಟಕಿಯ ಬಳಿಯ ಮೇಜಿನ ಮೇಲೆ ಲೆನ್ಸು ಮೇಲಾಗಿ ಇಡುವುದೂ ಅಷ್ಟೇ ಅಪಾಯ.

ಕರೆಂಟು ಹೋದರೆ ಮನೆಯ ಇನ್ವರ್ಟರ್ ಬರುವಷ್ಟರಲ್ಲಿ ಕಂಪ್ಯೂಟರ್ ಆರಬಹುದು, ಅದಕ್ಕೆ ಬೇರೆಯೇ ಯುಪಿಎಸ್ ಇರಲಿ. ಗುಡುಗು ಶುರುವಾದರೆ ಪ್ಲಗ್ ಕೀಳಿ. ಕಣ್ಣು ಕಿವಿ ಎರಡೂ ಮುಚ್ಚಿಕೊಂಡಿರುವವರಿಗೆ ಹೊರಗಿನ ಗುಡುಗು ತಿಳಿಯುವುದಿಲ್ಲ, ಮನೆಯವರಿಗೆ ಹೇಳಿಟ್ಟಿರಿ.

ಉಚ್ಚಿಲದ ಹುಡುಗ:

ಎಲ್ಲರ ಮಾತನ್ನೂ ಓದಿ ನಿರ್ಧರಿಸಿದ್ದೇನೆ. ಜಿ2 ಬೇಡ. ಈ ತಿಂಗಳು ವೆಬ್‌ಕ್ಯಾಮೆರಾ, ಓಪನ್‌ಟ್ರ್ಯಾಕ್ ಹಾಕಿಕೊಂಡು ಸರ್ಕ್ಯೂಟ್ ಸರಿಮಾಡಿಕೊಳ್ಳುತ್ತೇನೆ. ಇಂಟರ್ನ್‌ಶಿಪ್ ಹಣ ಬಂದ ಮೇಲೆ ಕ್ವೆಸ್ಟ್ 3. ಕೊಳ್ಳುವ ಮುನ್ನ ಒಮ್ಮೆ ಹಾಕಿ ನೋಡಬೇಕು, ಘಾಟಿಯ ಹೊಟ್ಟೆ ಏನು ಹೇಳುತ್ತದೋ ತಿಳಿಯಬೇಕು. ಬಯಲಣ್ಣ, ದೋಣಿಯಣ್ಣ ಬರುವ ಭಾನುವಾರ ನಾನೂ ಬರಬಹುದೇ? ಕನ್ನಡಕ ಹಾಕಿಕೊಂಡೇ ನೋಡಬಹುದೇ?

ಬಜಪೆ ಬಯಲು:

ಧಾರಾಳವಾಗಿ ಬನ್ನಿ. ಕ್ವೆಸ್ಟ್ 3ರಲ್ಲಿ ಮುಖದಿಂದ ಲೆನ್ಸಿನ ದೂರವನ್ನು ಹೊಂದಿಸಬಹುದು, ಚೌಕಟ್ಟು ತೀರಾ ಅಗಲವಿಲ್ಲದಿದ್ದರೆ ಕನ್ನಡಕ ಹಿಡಿಯುತ್ತದೆ. ಗಾಜು ಲೆನ್ಸಿಗೆ ತಾಗಿ ಗೀರಾಗದಂತೆ ನೋಡಿಕೊಳ್ಳಬೇಕು. ಸ್ವಂತದ್ದು ಕೊಂಡಾಗ ನಿಮ್ಮ ಪವರಿನ ಲೆನ್ಸುಗಳನ್ನು ಒಳಗೆ ಕೂರಿಸಿಕೊಳ್ಳಿ. ಬರುವಾಗ ಕನ್ನಡಕದ ಅಂಗಡಿಯಲ್ಲಿ ಕಣ್ಣುಗಳ ನಡುವಿನ ಅಂತರ ಅಳೆಸಿ ಮಿಲಿಮೀಟರಿನಲ್ಲಿ ಬರೆಸಿಕೊಂಡು ಬನ್ನಿ, ಚಕ್ರ ತಿರುಗಿಸಿ ಮೊದಲು ಅದನ್ನೇ ಹೊಂದಿಸೋಣ. ಮಧ್ಯಾಹ್ನದ ಊಟಕ್ಕೆ ಮೊದಲೇ ಬನ್ನಿ, ಊಟ ಆಮೇಲೆ ಮಾಡೋಣ.

ಕಡಿಯಾಳಿ ಅಕ್ಕ:

ಬೆಳಿಗ್ಗೆ ಎರಡು ಇಡ್ಲಿ ತಿಂದು ಹೋಗಿ ತಮ್ಮಾ. ಬರುವಾಗ ಬಸ್ಸಿಗೇ ಬನ್ನಿ, ಬೈಕ್ ಬೇಡ.